ರಾಶೋಮಾನ್: ಸೌದೆಯವನ ಮಾತನ್ನು ನಂಬಬಹುದೇ?

‘ರಾಶೋಮಾನ್ ನೋಡಿದೆ. ಮೂವರು ಹೇಳಿದ್ದು ಸುಳ್ಳು, ಕೊನೆಗೆ ಸೌದೆಯವನು ಹೇಳಿದ್ದೇ ನಿಜ ತಾನೇ?’ ಎಂದು ಕೇಳಿದ್ದೀರಿ. ಮೊದಲ ಸಲ ನೋಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಎರಡನೇ ಸಲ ನೋಡಿದಾಗ ಆ ನೆಮ್ಮದಿ ಹೋಯಿತು.

ನೋಡದವರಿಗೆ ಎರಡು ಮಾತು (ಕಥೆಯನ್ನೆಲ್ಲ ಬಿಚ್ಚಿಡುತ್ತಿದ್ದೇನೆ, ಬೇಡವಾದವರು ಇಲ್ಲೇ ನಿಲ್ಲಿಸಿ). ಇದು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1950ರಲ್ಲಿ ಮಾಡಿದ ಚಿತ್ರ. ಕಾಡಿನಲ್ಲಿ ಒಬ್ಬ ಸಾಮುರಾಯ್ ಯೋಧ ಸತ್ತಿದ್ದಾನೆ. ತಾಜೊಮಾರು ಎಂಬ ದರೋಡೆಕೋರ ಅವನನ್ನು ಕಟ್ಟಿಹಾಕಿ, ಅವನ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದ್ದಾನೆ. ಇಲ್ಲಿಯವರೆಗೆ ತಕರಾರಿಲ್ಲ. ಕೊಂದದ್ದು ಯಾರು ಅನ್ನುವಲ್ಲಿ ಶುರುವಾಗುತ್ತದೆ.

ಕೊಲೆ ಕೇಸು ಅಂದರೆ ಎಲ್ಲರೂ ‘ನಾನಲ್ಲ’ ಅನ್ನಬೇಕು, ಅಲ್ವಾ? ಇಲ್ಲಿ ಉಲ್ಟಾ. ತಾಜೊಮಾರು ‘ನಾನೇ ಕೊಂದೆ, 23 ಸಲ ಕತ್ತಿಗೆ ಕತ್ತಿ ತಾಗಿತು’ ಎಂದು ಜಂಬ ಕೊಚ್ಚುತ್ತಾನೆ. ಹೆಂಡತಿ, ಗಂಡನ ತಿರಸ್ಕಾರದ ನೋಟ ತಾಳಲಾಗದೆ ಬಾಕು ಹಿಡಿದವಳು ಪ್ರಜ್ಞೆ ತಪ್ಪಿದೆ, ಎಚ್ಚರವಾದಾಗ ಬಾಕು ಅವನ ಎದೆಯಲ್ಲಿತ್ತು ಅನ್ನುತ್ತಾಳೆ. ಸತ್ತವನು ಇನ್ನೊಬ್ಬ ಹೆಂಗಸಿನ ಮೈಮೇಲೆ ಬಂದು, ‘ನಾನೇ ಬಾಕುವಿನಿಂದ ಇರಿದುಕೊಂಡೆ’ ಅನ್ನುತ್ತಾನೆ. ಯಾರಿಗೂ ಶಿಕ್ಷೆಯ ಭಯವಿಲ್ಲ, ಮರ್ಯಾದೆ ಹೋಗಬಾರದು ಅಷ್ಟೇ. ನಮ್ಮಲ್ಲಿ 2014ರಲ್ಲಿ ರಕ್ಷಿತ್ ಶೆಟ್ಟಿ ಇದೇ ಧಾಟಿಯಲ್ಲಿ ಮಾಡಿದ ಚಿತ್ರದ ಹೆಸರು ‘ಉಳಿದವರು ಕಂಡಂತೆ’. ಸೊಗಸಾದ ಹೆಸರು. ಆದರೆ ಕುರೊಸಾವಾನ ಜನ ಕಂಡದ್ದನ್ನು ಹೇಳುವುದಕ್ಕಿಂತ, ತಾವು ಹೇಗೆ ಕಾಣಬೇಕೋ ಅದನ್ನು ಹೇಳುವುದೇ ಜಾಸ್ತಿ.

ಈಗ ನಿಮ್ಮ ಸೌದೆಯವನಿಗೆ ಬರೋಣ. ವಿಚಾರಣೆಯಲ್ಲಿ ಹೆಣ ಕಂಡೆ ಎಂದಷ್ಟೇ ಹೇಳಿದ್ದವನು, ಆಮೇಲೆ ಮಳೆಗೆ ಜೊತೆಗೆ ನಿಂತ ಇಬ್ಬರೆದುರು, ನಡೆದದ್ದನ್ನು ಕಣ್ಣಾರೆ ಕಂಡೆ ಎಂದು ಬೇರೆ ಕಥೆ ಹೇಳುತ್ತಾನೆ. ಅವನ ಕಥೆಯಲ್ಲಿ ಅದೇ ಕತ್ತಿಕಾಳಗ ಎಷ್ಟು ಅಸಹ್ಯವಾಗಿದೆ ನೋಡಿ. ಇಬ್ಬರ ಕೈಯೂ ಗಡಗಡ ನಡುಗುತ್ತದೆ. ಎಡವುತ್ತಾರೆ, ತೆವಳುತ್ತಾರೆ, ಏದುಸಿರು ಬಿಡುತ್ತಾರೆ. ಯಾರಿಗೂ ಮಾನ ಉಳಿಯುವುದಿಲ್ಲ. ಅದಕ್ಕೇ ನಮಗೆ ನಂಬಿಕೆ ಬರುತ್ತದೆ.

ಆದರೆ ಆಯುಧದ ಲೆಕ್ಕ ಹಾಕಿ. ದರೋಡೆಕೋರ, ಸೌದೆಯವನು ಇಬ್ಬರ ಪ್ರಕಾರ ಸಾಮುರಾಯ್ ಸತ್ತದ್ದು ಕತ್ತಿಯಿಂದ. ಹೆಂಡತಿ, ಸತ್ತವನು ಇಬ್ಬರ ಪ್ರಕಾರ ಬಾಕುವಿನಿಂದ. ಎರಡಕ್ಕೆ ಎರಡು. ಗಾಯ ಎಂಥದ್ದು ಎಂದು ಚಿತ್ರ ತೋರಿಸುವುದೇ ಇಲ್ಲ. ಸತ್ತವನ ಹೇಳಿಕೆ ಮುಗಿದ ಕೂಡಲೇ ಸೌದೆಯವನು ಚಡಪಡಿಸುತ್ತಾ ‘ಸುಳ್ಳು, ಅಲ್ಲಿ ಬಾಕು ಇರಲೇ ಇಲ್ಲ, ಅವನು ಸತ್ತದ್ದು ಕತ್ತಿಯಿಂದ’ ಅನ್ನುತ್ತಾನೆ. ಆಮೇಲೆ ಗೊತ್ತಾಗುವುದೇನು? ಮುತ್ತಿನ ಕೆಲಸವಿದ್ದ ಆ ಬೆಲೆಬಾಳುವ ಬಾಕುವನ್ನು ಕದ್ದವನು ಇವನೇ. ಮಳೆಗೆ ಜೊತೆಗೆ ನಿಂತು ಕಥೆ ಕೇಳುತ್ತಿದ್ದವರಲ್ಲಿ ಒಬ್ಬ ಅದನ್ನು ಮುಖಕ್ಕೇ ಹೇಳುತ್ತಾನೆ. ಇವನಿಗೆ ಬಾಯಿ ಬರುವುದಿಲ್ಲ.

ಬಾಕುವಿನಿಂದಲೇ ಸತ್ತಿದ್ದರೆ, ಇವನು ಅದನ್ನು ಹೆಣದ ಎದೆಯಿಂದ ಕಿತ್ತಿರಬೇಕು. ನೆಲದಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳುವುದೇ ಬೇರೆ, ಇದೇ ಬೇರೆ. ಹಾಗಾಗಿ ‘ಕತ್ತಿ’ ಅನ್ನುವುದಕ್ಕೆ ಅವನಿಗೂ ಕಾರಣವಿದೆ. ಹಾಗಂತ ಅವನ ಕಥೆಯೆಲ್ಲ ಸುಳ್ಳು ಅನ್ನುತ್ತಿಲ್ಲ. ಆ ನಡುಗುವ ಕೈಗಳನ್ನು ನಾನು ಇವತ್ತಿಗೂ ನಂಬುತ್ತೇನೆ. ಸಾವು ಹೇಗಾಯಿತು ಅನ್ನುವುದನ್ನು ಮಾತ್ರ ಅವನ ಬಾಯಿಂದ ಒಪ್ಪಲಾರೆ.

ಮೂಲ ಕಥೆ ಜಪಾನಿ ಲೇಖಕ ಅಕುತಗಾವಾ 1922ರಲ್ಲಿ ಬರೆದದ್ದು. ಅಲ್ಲಿ ಸೌದೆಯವನು ಹೆಣ ಕಂಡೆ ಎಂದು ಹೇಳಿ ಹೋಗುತ್ತಾನೆ, ಅಷ್ಟೇ. ಎರಡನೇ ಹೇಳಿಕೆ, ಬಾಕು ಕದ್ದದ್ದು, ಕೊನೆಗೆ ಅವನು ಎತ್ತಿಕೊಂಡು ಹೋಗುವ ಅನಾಥ ಕೂಸು, ಎಲ್ಲ ಚಿತ್ರಕ್ಕೆ ಸೇರಿಸಿದ್ದು. ಆ ಕೂಸಿನ ಭಾಗ ನನಗೆ ಸ್ವಲ್ಪ ಸಿಹಿ ಜಾಸ್ತಿ ಅನಿಸುತ್ತದೆ, ಅದು ಬೇರೆ ಮಾತು.

ಅರ್ಥವಾಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಶೂಟಿಂಗ್‌ಗೆ ಮೊದಲೇ ಕುರೊಸಾವಾನ ಮೂವರು ಸಹಾಯಕರು ಸ್ಕ್ರಿಪ್ಟ್ ಹಿಡಿದು ಬಂದು, ತಲೆಬುಡ ತಿಳಿಯುತ್ತಿಲ್ಲ ಅಂದಿದ್ದರಂತೆ. ಮನುಷ್ಯ ತನ್ನ ವಿಷಯದಲ್ಲಿ ತನಗೇ ಪ್ರಾಮಾಣಿಕನಾಗಿರಲಾರ ಎಂದು ಕುರೊಸಾವಾ ವಿವರಿಸಿದರಂತೆ. ಇಬ್ಬರು ಒಪ್ಪಿದರು, ಮೂರನೆಯವನು ಸಿಟ್ಟಿನಲ್ಲೇ ಎದ್ದು ಹೋದ. ಕುರೊಸಾವಾ ತಮ್ಮ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾರೆ.

ಇನ್ನೊಮ್ಮೆ ನೋಡುವುದಾದರೆ ವಿಚಾರಣೆಯ ಅಂಗಳವನ್ನು ಗಮನಿಸಿ. ಹೇಳಿಕೆ ಕೊಡುವವರ ಹಿಂದೆ, ಗೋಡೆಯ ಬಳಿ ಸೌದೆಯವನು ಕೂತಿರುತ್ತಾನೆ. ‘ಯಾರೋ ನನ್ನ ಎದೆಯಿಂದ ಮೆಲ್ಲಗೆ ಬಾಕು ಕಿತ್ತರು’ ಎಂದು ಸತ್ತವನು ಹೇಳುವಾಗ ಆ ಹೆಂಗಸನ್ನು ಬಿಟ್ಟು ಇವನನ್ನು ನೋಡಿ.