ಸ್ಪೆನ್ಸರ್ ಕುರಿತ ನಿಮ್ಮ ಲೇಖನ

ಮಾನ್ಯರೇ,

ಬ್ರಿಟಿಷ್ ಚಿತ್ರಕಾರ ಸ್ಟ್ಯಾನ್ಲಿ ಸ್ಪೆನ್ಸರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಸರಾಗವಾಗಿದೆ, ಹಾಗಾಗಿ ತಿದ್ದಿ ಕಳಿಸಿ ಎಂದು ಕೇಳುತ್ತಿದ್ದೇವೆ.

ಹನ್ನೆರಡು ಪುಟಗಳಲ್ಲಿ ಐದು ಪುಟ 1937ರ ವಿಚ್ಛೇದನಕ್ಕೂ ಮರುಮದುವೆಗೂ ಹೋಗಿವೆ. ಅದಕ್ಕೆ ಒಂದು ಪ್ಯಾರಾ ಸಾಕು. ಆತ ಚಿತ್ರ ಬರೆಯುತ್ತಿದ್ದ ಬಗೆಗೆ ಮಾತ್ರ ಒಂದೇ ಸಾಲು: ‘ಬಣ್ಣಗಳೊಡನೆ ಆಟವಾಡಿದ.’ ಇದು ತಪ್ಪು. ಸ್ಪೆನ್ಸರ್ ಮೊದಲು ಕಾಗದದ ಮೇಲೆ ರೇಖಾಚಿತ್ರ ಮುಗಿಸಿ ಅದರ ಮೇಲೆ ಚೌಕ ಎಳೆಯುತ್ತಿದ್ದ. ಕ್ಯಾನ್ವಾಸಿಗೂ ಅದೇ ಲೆಕ್ಕದ ದೊಡ್ಡ ಚೌಕ ಹಾಕಿ, ಒಂದೊಂದನ್ನೇ ಪೆನ್ಸಿಲ್ಲಿನಲ್ಲಿ ದಾಟಿಸುತ್ತಿದ್ದ. ಆಮೇಲೆ ತೆಳುವಾದ ಎಣ್ಣೆಬಣ್ಣ. ಒಂದು ಭಾಗ ಪೂರ್ತಿಯಾದ ಮೇಲೆಯೇ ಪಕ್ಕದ್ದು. 1959ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ಉಳಿದ ಹುಟ್ಟೂರು ಕುಕಮ್ ಹಳ್ಳಿಯ ದೋಣಿಹಬ್ಬದ ದೊಡ್ಡ ಕ್ಯಾನ್ವಾಸಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಬಣ್ಣ ತುಂಬಿಕೊಂಡ ಜನರ ಪಕ್ಕದಲ್ಲೇ ಬರೀ ಪೆನ್ಸಿಲ್ ಗೆರೆಯ ಜನ.

ಈ ಪದ್ಧತಿ ತಿಳಿದರೆ ಥೇಮ್ಸ್ ನದಿಯ ಹಂಸಗಳನ್ನು ಹಿಡಿದು ಎಣಿಸುವ ಚಿತ್ರ (1915–19) ಬೇರೆಯೇ ಆಗಿ ಕಾಣುತ್ತದೆ. ಸ್ಪೆನ್ಸರ್ 1915ರಲ್ಲಿ ಬ್ರಿಸ್ಟಲ್‌ನ ಯುದ್ಧಾಸ್ಪತ್ರೆಯಲ್ಲಿ ಪರಿಚಾರಕನಾಗಿ ಸೇರುವಾಗ ಅದರ ಮೇಲುಭಾಗ ಮುಗಿದಿತ್ತು, ಕೆಳಗಿನದು ಬಾಕಿ. ಮರುವರ್ಷ ಮ್ಯಾಸಿಡೋನಿಯದ ಯುದ್ಧರಂಗಕ್ಕೆ ಹೋದ. 1918ರ ಕೊನೆಗೆ ಮರಳುವಷ್ಟರಲ್ಲಿ ಅಣ್ಣ ಸಿಡ್ನಿ ಯುದ್ಧದಲ್ಲಿ ಸತ್ತಿದ್ದ. ಅದೇ ಕ್ಯಾನ್ವಾಸನ್ನು ಮತ್ತೆ ಎತ್ತಿಕೊಂಡು ಕೆಳಭಾಗ ಮುಗಿಸಿದ. ನಿಮ್ಮ ಲೇಖನ ಇಲ್ಲಿಂದ ಶುರುವಾಗಲಿ. 1891ರ ಹುಟ್ಟು, ಸ್ಲೇಡ್ ಕಲಾಶಾಲೆಯ ಓದು ಆಮೇಲೆ ಬರಲಿ.

ಇನ್ನೊಂದು ದೊಡ್ಡ ತಪ್ಪು. ಬರ್ಗ್‌ಕ್ಲಿಯರ್‌ನ ಸ್ಯಾಂಡಮ್ ಸ್ಮಾರಕ ಚಾಪೆಲ್‌ನಲ್ಲಿ (ಯುದ್ಧಸ್ಮಾರಕವಾಗಿ ಕಟ್ಟಿದ ಪುಟ್ಟ ಪ್ರಾರ್ಥನಾಮಂದಿರ; ಚಿತ್ರ ಬರೆದದ್ದು 1927–32) ‘ಘೋರ ಕದನದ ದೃಶ್ಯಗಳು’ ಇವೆ ಎಂದಿದ್ದೀರಿ. ಅಲ್ಲಿ ಕಾದಾಟವೇ ಇಲ್ಲ. ನೆಲ ಉಜ್ಜುವವರು, ಬಟ್ಟೆ ವಿಂಗಡಿಸುವವರು, ವಾರ್ಡಿನಲ್ಲಿ ಬ್ರೆಡ್ಡು-ಜಾಮ್ ತಿನ್ನುವ ಗಾಯಾಳುಗಳು, ಸೊಳ್ಳೆಪರದೆಯೊಳಗೆ ಎಚ್ಚರಾಗುವ ಸೈನಿಕರು. ಪೂರ್ವದ ಗೋಡೆಯ ಪುನರುತ್ಥಾನದ ಚಿತ್ರದಲ್ಲೂ ಸತ್ತವರು ಎದ್ದು ತಮ್ಮ ಬಿಳಿ ಶಿಲುಬೆಗಳನ್ನು, ಸೇನೆ ಬಿಡುವಾಗ ಸಾಮಾನು ಒಪ್ಪಿಸುವ ಹಾಗೆ, ಕ್ರಿಸ್ತನಿಗೆ ಒಪ್ಪಿಸುತ್ತಾರೆ. ಆ ಕ್ರಿಸ್ತನೂ ದೂರದಲ್ಲಿ, ಚಿಕ್ಕದಾಗಿ ಇದ್ದಾನೆ. ಇಷ್ಟು ಮೃದುವಾದ ಯುದ್ಧಸ್ಮಾರಕವನ್ನು ‘ಅದ್ಭುತ’, ‘ಅಮೋಘ’ ಎಂದು ಹೇಳಿ ದಾಟಬೇಡಿ. ಇಂಥ ಪದಗಳು ಒಟ್ಟು ಮೂವತ್ತೊಂದು ಕಡೆ ಬಂದಿವೆ. ಅವನ್ನೆಲ್ಲ ತೆಗೆದು ಆ ಜಾಗದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಕೈಯಲ್ಲಿ ಏನಿದೆ ಎಂದು ಬರೆಯಿರಿ.

ಪ್ರತಿ ಚಿತ್ರದ ಅಳತೆಯನ್ನೂ ಕೊಡಿ. ಆತನ ಇನ್ನೊಂದು ಚಿತ್ರ ‘ಕುಕಮ್‌ನ ಪುನರುತ್ಥಾನ’ 274 × 549 ಸೆಂ.ಮೀ. ಇದೆ, ಅಳತೆ ಕೊಡದಿದ್ದರೆ, ಮೊಬೈಲಿನಲ್ಲಿ ನೋಡುವವರು ಅದನ್ನು ಪುಸ್ತಕದ ಹಾಳೆಯಷ್ಟೇ ಎಂದುಕೊಳ್ಳುತ್ತಾರೆ.

– ಸಂಪಾದಕರು