ಪ್ರತಿಕ್ರಿಯೆ: ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುವ ಮಿಶ್ರತಳಿ ಮರಿ

ನಮಸ್ಕಾರ. ನಿಮ್ಮ 8 ತಿಂಗಳ ಬಾರ್ಡರ್ ಕೋಲಿ–ಜರ್ಮನ್ ಶೆಪರ್ಡ್ ಮಿಶ್ರತಳಿ ಮರಿ ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತದೆ, ಮುಂದೆ ಕಚ್ಚುವ ನಾಯಿಯಾದೀತೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಅದು ಸಿಟ್ಟಲ್ಲ. ಕೋಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಗಡಿಯ ಗುಡ್ಡಗಳಲ್ಲಿ ಕುರಿ ತಿರುಗಿಸಲು ಬೆಳೆಸಿದ ತಳಿ. ಶೆಪರ್ಡ್ ಕೂಡ ಮೂಲತಃ ಕುರಿಮಂದೆಯ ನಾಯಿಯೇ. ಓಡುವುದನ್ನು ಕಂಡರೆ ಬೆನ್ನಟ್ಟಿ ತಡೆಯುವ ಗುಣ ಎರಡೂ ಕಡೆಯಿಂದ ಬಂದಿದೆ.

ಹಾಗೆಂದು ಬಿಟ್ಟುಬಿಡಬೇಡಿ, ಹಲ್ಲು ತಾಗಿದರೆ ಗಾಯವಾಗುತ್ತದೆ. ಮಕ್ಕಳು ಆಡುವಾಗ ಮರಿಗೆ ಉದ್ದನೆಯ ಹಗ್ಗ ಹಾಕಿಡಿ. ಅದು ದಿಟ್ಟಿಸಿ ನೋಡುತ್ತಾ ಮೈ ಬಗ್ಗಿಸಿದ ಕ್ಷಣವೇ ಕರೆಯಿರಿ, ಬಂದರೆ ತಿಂಡಿ ಕೊಡಿ. ಓಟ ಶುರುವಾದ ಮೇಲೆ ಕರೆದರೆ ಕಿವಿಗೆ ಬೀಳುವುದಿಲ್ಲ. ಕಿರುಚದೆ ನಿಂತುಬಿಡಲು ಮಕ್ಕಳಿಗೂ ಹೇಳಿಕೊಡಿ. ದಯವಿಟ್ಟು ಮರಿಗೆ ಹೊಡೆಯಬೇಡಿ.

ಬರೀ ವಾಕಿಂಗ್ ಇಂಥ ನಾಯಿಗೆ ಸಾಲದು, ತಲೆಗೂ ಕೆಲಸ ಬೇಕು. ಊಟದ ಒಂದು ಪಾಲನ್ನು ಮನೆಯಲ್ಲೇ ಬಚ್ಚಿಟ್ಟು ಹುಡುಕಿಸಿ.

ಬೇಸಿಗೆ ಬಂತೆಂದು ಕೂದಲು ಬೋಳಿಸಬೇಡಿ, ಚೆನ್ನಾಗಿ ಬಾಚಿದರೆ ಸಾಕು. ಮುಖ್ಯವಾಗಿ, ಕೋಲಿ ಬಳಗದ ಕೆಲವು ನಾಯಿಗಳಲ್ಲಿ, ಕೆಲವು ಔಷಧಿಗಳು ಮಿದುಳು ಸೇರದಂತೆ ತಡೆಯುವ ಎಂಡಿಆರ್‌1 ಎಂಬ ಜೀನಿನಲ್ಲಿ ದೋಷವಿದ್ದು, ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಹುಳ, ಕಜ್ಜಿಯ ಔಷಧಿಯಾದ ಐವರ್‌ಮೆಕ್ಟಿನ್ ಪ್ರಾಣಕ್ಕೇ ಕುತ್ತಾಗಬಹುದು. ಉಣ್ಣಿ, ಕಜ್ಜಿಗೆ ಔಷಧಿ ಕೊಡಿಸುವ ಮುನ್ನ ವೈದ್ಯರಿಗೆ ತಳಿ ಯಾವುದೆಂದು ಹೇಳಿ.