‘ಓದಬೇಕಾದ ಪುಸ್ತಕಗಳ ಪಟ್ಟಿ ಕೊಡಿ ಮೇಡಂ’: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವಿಜಯಪುರದಲ್ಲಿ ನನ್ನ ಬಳಿ ಸಲಹೆಗೆ ಬಂದ ಆ ಯುವಕನಿಗೆ ಮೂವತ್ತು ತುಂಬುವುದರಲ್ಲಿತ್ತು. ಪದವಿ ಮುಗಿಸಿ, ಇದೇ ಊರಿನಲ್ಲಿ ಕೊಠಡಿ ಮಾಡಿಕೊಂಡು ವರ್ಷಗಟ್ಟಲೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿ, ಕೊನೆಗೆ ಸರ್ಕಾರಿ ಕಚೇರಿಯೊಂದರಲ್ಲಿ ಸಹಾಯಕರ ಹುದ್ದೆ ಪಡೆದವರು. ಮನೆಯವರು ಕನ್ಯಾ ನೋಡುತ್ತಿದ್ದರು. ಒಂದು ಮನೆಯಲ್ಲಿ ಅವಲಕ್ಕಿ, ಚಹಾ ಮುಗಿದ ಮೇಲೆ ಹಿರಿಯರು ಇಬ್ಬರಿಗೂ ಮಾತನಾಡಲು ಬಿಟ್ಟರು. ಹುಡುಗಿ ಶಾಲಾ ಶಿಕ್ಷಕಿ. ‘ನಿಮಗೆ ಯಾವ ಪುಸ್ತಕ ಇಷ್ಟ? ಯಾವ ಹಾಡು ಕೇಳುತ್ತೀರಿ?’ ಎಂದು ಕೇಳಿದರಂತೆ. ಇವರಿಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಹುಡುಗಿಯ ಮನೆಯವರು ಅದನ್ನು ನಾಚಿಕೆ ಎಂದುಕೊಂಡು ನಕ್ಕು ಸುಮ್ಮನಾದರು.

‘ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಿದ್ದರೆ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ ಮೇಡಂ. ಇದನ್ನು ಬಿಡಲು ಆಗುತ್ತಿಲ್ಲ. ನನ್ನೊಳಗೆ ಏನೂ ಇಲ್ಲವೇನೋ ಅನಿಸುತ್ತದೆ’ ಎಂದರು.

ಇಂಥ ಮಾತು ಕೇಳಿದಾಗ ಮೊದಲು ಪರಿಶೀಲಿಸಬೇಕಾದದ್ದು ಖಿನ್ನತೆಯನ್ನು. ಹಿಂದೆ ಖುಷಿ ಕೊಡುತ್ತಿದ್ದ ಯಾವುದರಲ್ಲೂ ಈಗ ಆಸಕ್ತಿ ಇಲ್ಲ ಎನ್ನುವುದು ಅದರ ಮುಖ್ಯ ಲಕ್ಷಣಗಳಲ್ಲಿ ಒಂದು. ಅದು ಎರಡು ವಾರ ಮೀರಿ ಉಳಿದು, ನಿದ್ದೆ, ಹಸಿವು ಕೆಟ್ಟು, ಬದುಕೇ ಬೇಡ ಎನ್ನುವ ಯೋಚನೆಯೂ ಸೇರಿಕೊಂಡಿದ್ದರೆ ಪುಸ್ತಕ, ಸಂಗೀತದ ಸಲಹೆ ಕೊಟ್ಟು ಕಳಿಸುವಂತಿಲ್ಲ, ಮನೋವೈದ್ಯರನ್ನು ಕಾಣಲೇಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಇವರಿಗೆ ಆ ತೊಂದರೆ ಇರಲಿಲ್ಲ. ಊಟ, ನಿದ್ದೆ ಚೆನ್ನಾಗಿದ್ದವು, ಕಚೇರಿಯಲ್ಲಿ ಹೆಸರು ಒಳ್ಳೆಯದಿತ್ತು. ಸಂಜೆ ಕೊಠಡಿಗೆ ಬಂದರೆ ಮಾತ್ರ ಏನು ಮಾಡಬೇಕೆಂದು ತೋಚದೆ ಮಲಗುವವರೆಗೂ ಮೊಬೈಲ್ ತಿರುವುತ್ತಿದ್ದರು.

ಹಿಂದಿನದನ್ನು ಕೇಳುತ್ತಾ ಹೋದೆ. ಹೈಸ್ಕೂಲಿನಲ್ಲಿದ್ದಾಗ ಒಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದರು. ಅಪ್ಪ ಕಿತ್ತುಕೊಂಡು, ‘ಇದನ್ನು ಓದಿದರೆ ಮಾರ್ಕ್ಸ್ ಬರುತ್ತವೆಯೇ?’ ಎಂದು ಕೇಳಿದರು. ಅಂದಿನಿಂದ ಪ್ರತಿ ಪುಸ್ತಕಕ್ಕೂ ಇವರೇ ಆ ಪ್ರಶ್ನೆ ಕೇಳತೊಡಗಿದರು. ಜ್ಞಾನಪೀಠ ಪಡೆದ 8 ಕನ್ನಡ ಸಾಹಿತಿಗಳ ಹೆಸರನ್ನು 1967ರಿಂದ 2010ರವರೆಗೆ ಇಸವಿ ಸಮೇತ ತಡವರಿಸದೆ ಹೇಳಿದರು. ಅವರಲ್ಲಿ ಯಾರೊಬ್ಬರ ಒಂದು ಪುಟವನ್ನೂ ಓದಿರಲಿಲ್ಲ. ತ್ರಿಪದಿಗಳನ್ನು ಸಂಗ್ರಹಿಸಿದ ಹಲಸಂಗಿಯ ಗೆಳೆಯರು ಇದೇ ಜಿಲ್ಲೆಯವರು ಎಂಬುದು ಅವರಿಗೆ ಒಂದು ಅಂಕದ ಪ್ರಶ್ನೆಯಾಗಿ ಗೊತ್ತಿತ್ತು. ‘ಮನೆಯಲ್ಲಿ ಯಾರಾದರೂ ಹಾಡುತ್ತಿದ್ದರೇ?’ ಎಂದೆ. ‘ಆಯಿ ಬೀಸುವಾಗ ಹಾಡುತ್ತಿದ್ದಳು’ ಎಂದವರು ಅಲ್ಲಿಗೇ ತಡೆದು ನಿಂತರು. ಆಯಿ ಹಾಡುತ್ತಿದ್ದುದೂ ಅಂಥ ತ್ರಿಪದಿಗಳನ್ನೇ ಎಂಬುದು ಅವರಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಇಂಥವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ತಪ್ಪು ಈ ಮಕ್ಕಳದಲ್ಲ. ಮಳೆ ನಂಬಿದ ಹೊಲದ ಮನೆಯಿಂದ ಬಂದವರಿಗೆ ಸರ್ಕಾರಿ ನೌಕರಿ ಎಂದರೆ ಇಡೀ ಮನೆಯ ಭರವಸೆ. ಅಪ್ಪನನ್ನೂ ನಾನು ದೂರುವುದಿಲ್ಲ. ಆದರೆ ಬೆಳಗಿನ ಆರಕ್ಕೇ ವಾಚನಾಲಯದ ಬಾಗಿಲಲ್ಲಿ ನಿಲ್ಲುವ ಈ ಹುಡುಗರು, ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದುವವರು. ಅವರಿಗೇ ಓದಿನ ಸುಖ ಗೊತ್ತಿಲ್ಲ.

ಹೀಗೇಕೆ ಆಗುತ್ತದೆ ಎಂಬುದಕ್ಕೆ 1973ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ಅವರಿಗೆ ಹೇಳಿದೆ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಹುಮಾನ ಪತ್ರ ಕೊಡುತ್ತೇವೆ ಎಂದು ಮೊದಲೇ ತಿಳಿಸಿದರು. ಕೆಲವು ದಿನಗಳ ನಂತರ ಬಹುಮಾನದ ಮಾತಿಲ್ಲದೆ ಬಣ್ಣದ ಪೆನ್ನುಗಳನ್ನು ಮುಂದಿಟ್ಟಾಗ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಫಲಕ್ಕಾಗಿ ಮಾಡಿದ ಕೆಲಸದಲ್ಲಿ ಮೊದಲಿದ್ದ ಪ್ರೀತಿ ಸೊರಗುತ್ತದೆ. ಸ್ವಭಾವದ ದೋಷ ಅದಲ್ಲ, ರೂಢಿಯ ಪರಿಣಾಮ. ಆ ರೂಢಿಯನ್ನು ಬಿಡಿಸಲು ಬರುತ್ತದೆ ಎಂದೆ.

‘ಹಾಗಾದರೆ ಓದಬೇಕಾದ ಪುಸ್ತಕಗಳ ಪಟ್ಟಿ ಕೊಡಿ ಮೇಡಂ, ಆರು ತಿಂಗಳಲ್ಲಿ ಮುಗಿಸುತ್ತೇನೆ’ ಎಂದರು. ನಾನು ಕೊಡಲಿಲ್ಲ. ಕೊಟ್ಟಿದ್ದರೆ ಅದೂ ಒಂದು ಪಠ್ಯಕ್ರಮವಾಗುತ್ತಿತ್ತು. ಬಹಳ ದಿನ ಉಪವಾಸ ಇದ್ದವರಿಗೆ ಮೊದಲ ದಿನವೇ ಹೋಳಿಗೆ ಬಡಿಸುವುದಿಲ್ಲ. ಗ್ರಂಥಾಲಯಕ್ಕೆ ಹೋಗಿ, ಯಾರನ್ನೂ ಕೇಳದೆ, ಕೈಗೆ ಬಂದದ್ದನ್ನು ತೆಗೆದುಕೊಳ್ಳಿ ಎಂದಷ್ಟೇ ಹೇಳಿದೆ.

ಮುಂದಿನ ಭೇಟಿಗೆ ಒಂದು ಕಾದಂಬರಿ ಓದಿಕೊಂಡೇ ಬಂದರು. ಜೊತೆಗೆ ಉದ್ದನೆಯ ನೋಟ್‌ಬುಕ್ ಇತ್ತು. ಸ್ಕೇಲ್ ಹಿಡಿದು ನೀಟಾಗಿ ಗೆರೆ ಎಳೆದು ಅಂಕಣ ಮಾಡಿದ್ದರು: ಕೃತಿ, ಲೇಖಕರು, ಪ್ರಕಟವಾದ ವರ್ಷ, ಪ್ರಶಸ್ತಿ, ಪ್ರಮುಖ ಪಾತ್ರಗಳು. ಎರಡು ಕಡೆ ಕೆಂಪು ಶಾಯಿಯಲ್ಲಿ ನಕ್ಷತ್ರ ಗುರುತು. ‘ಕೇಳಬಹುದು ಅನಿಸಿತು’ ಎಂದರು. ಯಾರು ಕೇಳುತ್ತಾರೆ ಎಂದೆ. ಉತ್ತರವಿರಲಿಲ್ಲ. ಕಥೆ ಹೇಗಿತ್ತು ಎಂದು ಕೇಳಿದರೆ ನೋಟ್‌ಬುಕ್ಕಿನ ಹಾಳೆ ತಿರುವತೊಡಗಿದರು.

ಅಂದು ಮೂರು ಸೂಚನೆ ಕೊಟ್ಟೆ. ಓದುವಾಗ ಕೈಗೆಟಕುವಂತೆ ಪೆನ್ನು ಇರಬಾರದು. ಮೂವತ್ತು ಪುಟ ಓದಿದರೂ ಮನಸ್ಸು ಹತ್ತದಿದ್ದರೆ ಪುಸ್ತಕ ಹಿಂದಿರುಗಿಸಬೇಕು, ಅರ್ಧಕ್ಕೆ ಬಿಟ್ಟೆನೆಂದು ಮರುಗಬಾರದು. ಮೂರನೆಯದು ಅವರಿಗೆ ಬಹಳ ವಿಚಿತ್ರವಾಗಿ ಕಂಡಿತು: ಇಷ್ಟವಾದದ್ದನ್ನು ಹುಡುಕಬೇಡಿ, ಹಿಡಿಸದ್ದನ್ನು ಬಂದು ಹೇಳಿ. ಅಭಿರುಚಿ ಸತ್ತಿದೆ ಎಂದುಕೊಂಡವರಲ್ಲಿ ಮೊದಲು ಎದ್ದು ಕೂರುವುದು ‘ಇದು ನನಗೆ ಬೇಡ’ ಎನ್ನುವ ಮನಸ್ಸು. ಯಾವುದನ್ನೂ ಬೇಡ ಎನ್ನದವರಿಗೆ ಯಾವುದೂ ನಿಜವಾಗಿ ಬೇಕು ಅನಿಸುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ‘ಏನಾದರೂ ನಡೆಯುತ್ತದೆ’ ಎನ್ನುವ ಮಗನೇ ಒಳ್ಳೆಯ ಮಗ ಎಂದು ಬೆಳೆಸುತ್ತೇವೆ. ಅದರ ಬೆಲೆಯನ್ನು ಅವನು ಆಮೇಲೆ ತೆರುತ್ತಾನೆ.

ಹೊಸ ಅನುಭವಕ್ಕೆಂದು ದೂರ ಹೋಗಬೇಕಿರಲಿಲ್ಲ. ಇಷ್ಟು ವರ್ಷ ಗೋಳಗುಮ್ಮಟದ ನೆರಳಲ್ಲೇ ಇದ್ದವರು ಒಮ್ಮೆಯೂ ಮೆಟ್ಟಿಲು ಹತ್ತಿರಲಿಲ್ಲ. ಅದು ಮೊಹಮ್ಮದ್ ಆದಿಲ್ ಶಾಹನ ಸಮಾಧಿ, ಅವನು ತೀರಿಕೊಂಡದ್ದು 1656ರಲ್ಲಿ ಎಂಬುದು ಮಾತ್ರ ನಾಲಗೆಯ ತುದಿಯಲ್ಲಿತ್ತು. ಒಂದು ಭಾನುವಾರ ಹತ್ತಿದರು. ಬಂದು ತಲೆ ತಗ್ಗಿಸಿ ಹೇಳಿದರು: ‘ಕ್ಷಮಿಸಿ ಮೇಡಂ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಾಲಾ ಮಕ್ಕಳು ಕಿರುಚುತ್ತಿದ್ದರು, ಸಿಳ್ಳೆ ಹಾಕುತ್ತಿದ್ದರು. ಒಂದೊಂದು ಕೂಗೂ ಮತ್ತೆ ಮತ್ತೆ ಮೊಳಗಿ ತಲೆ ಸಿಡಿಯುವಂತಾಯಿತು. ನನಗೆ ಹಿಡಿಸಲಿಲ್ಲ.’ ನನಗೆ ಬಹಳ ಸಂತೋಷವಾಯಿತು. ನನ್ನೆದುರು ಕುಳಿತು ಅವರು ಆಡಿದ, ಯಾವ ಗೈಡಿನಲ್ಲೂ ಇಲ್ಲದ ಮೊದಲ ಅಭಿಪ್ರಾಯ ಅದು. ಹಾಗೆಯೇ ಹೇಳಿದೆ.

ಇಬ್ರಾಹಿಂ ರೋಜಾಕ್ಕೆ ಮಾತ್ರ ನಾನು ಹೇಳದೆಯೇ ಹೋದರು. ಸಮಾಧಿಯೂ ಮಸೀದಿಯೂ ಒಂದೇ ಜಗಲಿಯ ಮೇಲೆ ಎದುರುಬದುರಾಗಿ ನಿಂತಿರುವ ಆ ಆವರಣದಲ್ಲಿ ಸಂಜೆಯ ತನಕ ಕುಳಿತಿದ್ದರಂತೆ. ಕಲ್ಲಿನ ಕಿಟಕಿಯಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದಿರುವುದನ್ನು, ಅಕ್ಷರಗಳ ನಡುವಿನಿಂದ ಬೆಳಕು ಬರುವುದನ್ನು ಬೆರಳಿನಲ್ಲಿ ಗಾಳಿಯಲ್ಲೇ ಬರೆದು ವಿವರಿಸಿದರು. ಅಲ್ಲಿ ಮಲಗಿರುವ ಸುಲ್ತಾನ ಸ್ವತಃ ಹಾಡು ಕಟ್ಟಿದವನು ಎಂಬ ಸಂಗತಿಯನ್ನು ಎಷ್ಟೋ ಸಲ ಉರು ಹೊಡೆದಿದ್ದರು; ಅವನು ಯಾವ ರಾಗದಲ್ಲಿ ಹಾಡುತ್ತಿದ್ದಿರಬಹುದು ಎಂಬ ಕುತೂಹಲ ಅಂದು ಮೊದಲ ಸಲ ಹುಟ್ಟಿತಂತೆ.

ಸಂಗೀತದ ದಾರಿ ಅಲ್ಲಿಂದ ತೆರೆಯಿತು. ಶಾಸ್ತ್ರೀಯ ಸಂಗೀತ ಕೇಳಲು ಹೋಗಿ ಐದು ನಿಮಿಷಕ್ಕೇ ಬೇಸತ್ತು ನಿಲ್ಲಿಸಿದ್ದರು. ಪುಸ್ತಕಕ್ಕೆ ಹೇಳಿದ ನಿಯಮವನ್ನು ಇಲ್ಲಿ ತುಸು ಬದಲಿಸಿದೆ. ಮತ್ತೆ ಮತ್ತೆ ಎದುರಾದದ್ದು ಕ್ರಮೇಣ ಹತ್ತಿರವಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ಜಾಯಂಟ್ಸ್ 1968ರಲ್ಲೇ ತೋರಿಸಿಕೊಟ್ಟಿದ್ದಾರೆ. ಕಿವಿಯ ಮಟ್ಟಿಗೆ ಇದು ನನ್ನ ಅನುಭವವೂ ಹೌದು. ಒಂದೇ ಗಾಯಕರ ಒಂದೇ ರಚನೆಯನ್ನು ವಾರವಿಡೀ ಕೇಳಿ, ಮೊಬೈಲನ್ನು ಬೋರಲು ಹಾಕಿಡಿ, ಆಮೇಲೆ ಬೇಡವೆನಿಸಿದರೆ ಬಿಡಿ ಎಂದೆ. ‘ಮೂವತ್ತಾಯಿತು, ಇನ್ನೇನು ಹೊಸದಾಗಿ ಕಿವಿ ತೆರೆಯುತ್ತದೆ’ ಎಂದು ಅನುಮಾನಿಸಿದಾಗ ಕುಮಾರ ಗಂಧರ್ವರ ವಿಷಯ ಹೇಳಿದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿ, ಬಾಲಪ್ರತಿಭೆಯಾಗಿ ಮೆರೆದು, ಇಪ್ಪತ್ತರ ಹರೆಯದಲ್ಲೇ ಕ್ಷಯಕ್ಕೆ ತುತ್ತಾದವರು. ವರ್ಷಗಟ್ಟಲೆ ಹಾಡಲಾಗದೆ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದಾಗ ಮಾಳವದ ಹಳ್ಳಿಯ ಹಾಡುಗಳಿಗೆ ಕಿವಿಗೊಟ್ಟರು. ಮತ್ತೆ ಹಾಡತೊಡಗಿದಾಗ ಅವರಿಗೂ ಮೂವತ್ತರ ಸುಮಾರು, ಆ ಹಳ್ಳಿಯ ಧಾಟಿಗಳು ಅವರ ಗಾಯನದೊಳಗೆ ಬಂದಿದ್ದವು.

ಶಾಸ್ತ್ರೀಯ ಸಂಗೀತ ಇವರಿಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಆದರೆ ಊರಿಗೆ ಹೋದಾಗ ಕಾಕಾನ ಭಜನಾ ಮೇಳದಲ್ಲಿ ತಾಳ ಹಿಡಿದು ಕೂರುತ್ತಾರೆ. ಲಯ ತಪ್ಪಿದರೆ ಕಾಕಾ ಮೊಣಕೈಯಿಂದ ತಿವಿಯುತ್ತಾರಂತೆ. ಅದನ್ನು ಹೇಳುವಾಗ ಅವರ ಮುಖ ಅರಳುತ್ತದೆ.

ಹುಡುಗಿಗೆ ಏನು ಹೇಳಲಿ ಎಂದು ಕೇಳಿದ್ದರು. ನೆಚ್ಚಿನ ಪುಸ್ತಕದ ಹೆಸರೊಂದನ್ನು ಸಿದ್ಧಮಾಡಿಕೊಂಡು ಹೋಗಬೇಡಿ, ಇದ್ದದ್ದನ್ನು ಹೇಳಿ ಎಂದೆ. ಹಿರಿಯರ ಅನುಮತಿ ಪಡೆದು ಫೋನ್ ಮಾಡಿ, ಅಂದು ಸುಮ್ಮನಿದ್ದುದೇಕೆ ಎಂಬುದನ್ನು, ಗೋಳಗುಮ್ಮಟ ಹಿಡಿಸದ್ದನ್ನು, ನೋಟ್‌ಬುಕ್ಕಿನ ಕೆಂಪು ನಕ್ಷತ್ರಗಳನ್ನೂ ಬಿಡದೆ ಹೇಳಿದರು. ಆಕೆ ತಾನು ಓದಿ ಅರ್ಧಕ್ಕೆ ಬಿಟ್ಟ ಪುಸ್ತಕಗಳ ಹೆಸರು ಹೇಳತೊಡಗಿದರಂತೆ. ಸಂಬಂಧ ಕೂಡುತ್ತದೆಯೋ ಇಲ್ಲವೋ ಎಂಬುದು ಎರಡೂ ಮನೆಯವರಿಗೆ ಬಿಟ್ಟದ್ದು, ನಾನು ಕೇಳಲು ಹೋಗಿಲ್ಲ.

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ರಾತ್ರಿ ಕಂಪನಿ ನಾಟಕ ನೋಡುವುದು ಈಗ ಅವರೇ ಹಾಕಿಕೊಂಡ ಯೋಜನೆ. ನಾಟಕ ಹಿಡಿಸದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ‘ಮಧ್ಯದಲ್ಲೇ ಎದ್ದು ಹೋಗಿ ಮಿರ್ಚಿ ತಿನ್ನುತ್ತೇನೆ ಮೇಡಂ’ ಎಂದರು. ಮುಂದಿನ ಭೇಟಿಯನ್ನು ಜಾತ್ರೆಯ ನಂತರಕ್ಕೆ ಇಟ್ಟುಕೊಂಡಿದ್ದೇವೆ.